ನೆನಪೆಲ್ಲ ಹೋದ ಮೇಲೆ ಆಸೆ ಪಡೋದು ಯಾರು? (ಮಗಳ ಪ್ರಶ್ನೆ, ಅಪ್ಪನ ಹತ್ತಿರ ಉತ್ತರ ಇಲ್ಲ)

ಇರುಳೋದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಚಿಕ್ಕದು, ಪೀಠಿಕೆ ದೊಡ್ಡದು. ಸಹಿಸಿಕೊಳ್ಳಿ.

ಹತ್ತು ವರ್ಷದ ಮಗಳಿಗೆ ಒಂದು ತಿಂಗಳಿಂದ ರಾತ್ರಿ ಹೊತ್ತು ಮಿಖಾಯೆಲ್ ಎಂಡೆಯ ‘ದ ನೆವರ್‌ಎಂಡಿಂಗ್ ಸ್ಟೋರಿ’ ಓದಿ ಹೇಳುತ್ತಿದ್ದೇನೆ. 1979ರ ಜರ್ಮನ್ ಕಾದಂಬರಿ. ನಮ್ಮ ಹತ್ತಿರ ಇರುವುದು ಇಂಗ್ಲಿಷ್ ಅನುವಾದ. ಒಂದು ಪ್ಯಾರಾ ಕಣ್ಣಲ್ಲಿ ಓದಿಕೊಂಡು, ಅಲ್ಲೇ ಕನ್ನಡಕ್ಕೆ ತಿರುಗಿಸಿ ಹೇಳುವುದು ನಮ್ಮ ಪದ್ಧತಿ. ಹಾಗಾಗಿ ವೇಗ ಕಮ್ಮಿ. ನಾನು ಏನಾದರೂ ಹಾರಿಸಿದೆ ಅಂತ ಅನುಮಾನ ಬಂದರೆ ಪುಸ್ತಕ ಕಿತ್ತುಕೊಂಡು ನೋಡುತ್ತಾಳೆ. (ಅವಳೇ ಓದಿಕೊಳ್ಳಬಲ್ಲಳು. ಆದರೂ ಅಪ್ಪನೇ ಹೇಳಬೇಕು ಅಂತ ಹಠ. ನನಗೂ ಬೇಜಾರಿಲ್ಲ.)

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಬಾಸ್ಟಿಯನ್ ಅಂತ ಒಬ್ಬ ಹುಡುಗ. ದಪ್ಪಗಿದ್ದಾನೆ, ಪುಕ್ಕಲ, ಶಾಲೆಯಲ್ಲಿ ಎಲ್ಲರೂ ರೇಗಿಸುತ್ತಾರೆ. ಅಮ್ಮ ತೀರಿಕೊಂಡಿದ್ದಾಳೆ, ಅಪ್ಪ ಮನೆಯಲ್ಲಿದ್ದೂ ಇಲ್ಲದ ಹಾಗೆ. ಒಂದು ಹಳೇ ಪುಸ್ತಕದಂಗಡಿಯಿಂದ ಪುಸ್ತಕ ಕದ್ದು, ಶಾಲೆಯ ಅಟ್ಟದ ಮೇಲೆ ಬಚ್ಚಿಟ್ಟುಕೊಂಡು ಓದಲು ಕೂರುತ್ತಾನೆ. ಆ ಪುಸ್ತಕದೊಳಗೆ ಒಂದು ಲೋಕ. ಅದನ್ನು ಏನೋ ಒಂದು ತಿಂದು ಹಾಕುತ್ತಿದೆ. ಅಲ್ಲಿನ ಮಹಾರಾಣಿಗೆ ಕಾಯಿಲೆ, ಮನುಷ್ಯರ ಮಗು ಒಂದು ಹೊಸ ಹೆಸರಿಟ್ಟರೆ ಮಾತ್ರ ವಾಸಿ. ಅದನ್ನು ಕಂಡುಹಿಡಿಯಲು ಅಟ್ರೇಯು ಎಂಬ ಹುಡುಗ ಲೋಕವೆಲ್ಲ ಅಲೆಯುತ್ತಾನೆ. ಕೊನೆಗೆ ಓದುತ್ತಾ ಕೂತಿದ್ದ ಬಾಸ್ಟಿಯನ್ನೇ ಹೆಸರು ಕೂಗಿ ಪುಸ್ತಕದೊಳಗೆ ಬೀಳುತ್ತಾನೆ.

ಇಲ್ಲಿಯವರೆಗೆ ಮಗಳು ಕುಣಿದಾಡಿದಳು. ಮೊದಲ ಪುಟದಲ್ಲಿ ಅಂಗಡಿ ಬಾಗಿಲಿನ ಬರಹ ತಿರುಗಾಮುರುಗಾ ಅಚ್ಚಾಗಿದೆಯಲ್ಲ, ಅದನ್ನು ಕನ್ನಡಿ ಮುಂದೆ ಹಿಡಿದು ಓದಿದ್ದೇನು, ನನ್ನನ್ನೂ ಎಬ್ಬಿಸಿಕೊಂಡು ಹೋಗಿ ತೋರಿಸಿದ್ದೇನು!

ತೊಂದರೆ ಶುರುವಾಗಿದ್ದು ಆಮೇಲೆ. ಮಹಾರಾಣಿ ಅವನಿಗೆ ಒಂದು ಪದಕ ಕೊಡುತ್ತಾಳೆ. ಒಂದರ ಬಾಲ ಇನ್ನೊಂದು ಕಚ್ಚಿಕೊಂಡಿರುವ ಎರಡು ಹಾವು, ಹಿಂದೆ ಒಂದು ಬರಹ. ಇಂಗ್ಲಿಷಿನಲ್ಲಿ ‘ಡೂ ವಾಟ್ ಯು ವಿಶ್’ ಅಂತ. ನಾನು ‘ನಿನಗೆ ಇಷ್ಟ ಬಂದದ್ದು ಮಾಡು’ ಅಂದೆ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಪ್ಪಾ, ಇದು ನೀನು ಸಿಟ್ಟು ಬಂದಾಗ ಹೇಳೋದು!” ನಿಜ. ನಮ್ಮ ಭಾಷೆಯಲ್ಲಿ ‘ಇಷ್ಟ ಬಂದ ಹಾಗೆ ಮಾಡ್ಕೋ’ ಅಂದರೆ ಯಾರೂ ಅದನ್ನು ವರ ಅಂದುಕೊಳ್ಳುವುದಿಲ್ಲ.

ಆ ಪದಕದಿಂದ ಬಾಸ್ಟಿಯನ್ ಬಯಸಿದ್ದೆಲ್ಲ ಆಗುತ್ತದೆ. ಚೆಂದ ಆಗುತ್ತಾನೆ, ಬಲಶಾಲಿ ಆಗುತ್ತಾನೆ, ಹೆಸರು ಬರುತ್ತದೆ. ಆದರೆ ಒಂದೊಂದು ಆಸೆಗೆ ಅವನ ಹಳೇ ಬದುಕಿನ ಒಂದೊಂದು ನೆನಪು ಅಳಿಸಿ ಹೋಗುತ್ತದೆ. ದಪ್ಪಗಿದ್ದದ್ದು ಮರೆತ. ಎಲ್ಲರೂ ರೇಗಿಸುತ್ತಿದ್ದದ್ದು ಮರೆತ. ಜೊತೆಗೇ ಜಂಭ ಜಾಸ್ತಿ ಆಯಿತು. ಎಚ್ಚರಿಸಲು ಬಂದ ಅಟ್ರೇಯು ಮೇಲೇ ಉರಿದುಬಿದ್ದ.

ಮೊನ್ನೆ ರಾತ್ರಿ ಮಗಳು ಪುಸ್ತಕ ಪಟ್ಟಂತ ಮುಚ್ಚಿದಳು. “ಇವನು ಬೇಡ. ಇವನು ಬಾಸ್ಟಿಯನ್ನೇ ಅಲ್ಲ.” ದೀಪ ಆರಿಸಿದ ಮೇಲೆ ಕತ್ತಲಲ್ಲಿ ಪ್ರಶ್ನೆ ಬಂತು. “ಅಪ್ಪಾ, ನೆನಪೆಲ್ಲ ಖಾಲಿ ಆದ ಮೇಲೆ ಆಸೆ ಪಡೋದು ಯಾರು?”

ನಾನು ‘ಮಲಗು, ನಾಳೆ ಹೇಳ್ತೀನಿ’ ಅಂದೆ. ಎರಡು ದಿನ ಆಯಿತು.

ಮುಂದೆ ಓದಲಾ, ಬಿಡಲಾ? ಇದಕ್ಕೆ ಹತ್ತು ವರ್ಷದವಳಿಗೆ ಹೇಳುವಂಥ ಉತ್ತರ ಏನಾದರೂ ಇದೆಯಾ? ಹಾಂ, ಇನ್ನೊಂದು. ಆ ಲೋಕವನ್ನು ತಿನ್ನುವ ‘ನಥಿಂಗ್’ ಇದೆಯಲ್ಲ, ಅದಕ್ಕೆ ಕನ್ನಡದಲ್ಲಿ ಏನು ಹೇಳುತ್ತೀರಿ? ನಾನು ‘ಶೂನ್ಯ’ ಅನ್ನುತ್ತಿದ್ದೇನೆ. ಯಾಕೋ ಸರಿ ಹೋಗುತ್ತಿಲ್ಲ.

---

ಅರ್ಧಪುಟ:

ದಯವಿಟ್ಟು ನಿಲ್ಲಿಸಬೇಡಿ. ಸುಮ್ನೆ ಹೇಳುತ್ತಿಲ್ಲ. ನೀವೀಗ ಪುಸ್ತಕದ ಬಾಗಿಲಿಗೆ ಬಂದಿದ್ದೀರಿ ಅಷ್ಟೇ.

ಈ ಕಥೆ ಬಹಳ ಜನಕ್ಕೆ ಗೊತ್ತಿರುವುದು 1984ರ ಸಿನಿಮಾದಿಂದ. ಅದು ಹೆಚ್ಚುಕಮ್ಮಿ ಮೊದಲ ಅರ್ಧಕ್ಕೇ ನಿಂತುಹೋಗುತ್ತದೆ. ಹುಡುಗ ಗೆದ್ದ, ಡ್ರ್ಯಾಗನ್ ಮೇಲೆ ಹಾರಿದ, ಮುಗಿಯಿತು. ಎಂಡೆಗೆ ಆ ಸಿನಿಮಾ ಎಷ್ಟು ಬೇಸರ ತಂದಿತ್ತು ಅಂದರೆ ತನ್ನ ಹೆಸರು ತೆಗೆಯಿರಿ ಅಂತ ಕೇಳಿದ್ದ, ಕೋರ್ಟಿಗೂ ಹೋಗಿದ್ದ. ಕಾರಣ ಪುಸ್ತಕ ಓದಿದರೆ ಗೊತ್ತಾಗುತ್ತದೆ. ಕಥೆಯೊಳಗೆ ಹೋಗುವುದು ಸುಲಭ. ಹೋದವನು ವಾಪಸ್ ಬರುವುದು ಹೇಗೆ? ಅವನಿಗೆ ಬೇಕಿದ್ದದ್ದು ಆ ಪ್ರಶ್ನೆ. ಅದೆಲ್ಲ ಇರುವುದು ಎರಡನೇ ಅರ್ಧದಲ್ಲಿ.

ನಿಮ್ಮ ಮಗಳಿಗೆ ಸಿಟ್ಟು ಬಂದಿದೆ ಅಂದರೆ ಪುಸ್ತಕ ಕೆಲಸ ಮಾಡುತ್ತಿದೆ ಅಂತ ಅರ್ಥ. ಬಾಸ್ಟಿಯನ್ ಕೆಟ್ಟವನಾಗಿದ್ದು ಅವಳಿಗೆ ಗೊತ್ತಾಗಿದೆ, ಅವನಿಗೆ ಗೊತ್ತಾಗಿಲ್ಲ. ಅವಳ ಹತ್ತಿರ ಅವನ ನೆನಪೆಲ್ಲ ಇನ್ನೂ ಇದೆ ನೋಡಿ. ಈ ಮಾತು ಮನಸ್ಸಲ್ಲಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ. ಇದಕ್ಕಿಂತ ಜಾಸ್ತಿ ಹೇಳಿದರೆ ಕಥೆ ಬಿಟ್ಟುಕೊಟ್ಟ ಹಾಗೆ.

ಅಂದ ಹಾಗೆ ಜರ್ಮನ್ ಮೊದಲ ಮುದ್ರಣದಲ್ಲಿ ಎರಡು ಬಣ್ಣದ ಅಕ್ಷರ. ನಮ್ಮ ಲೋಕ ಕೆಂಪು, ಪುಸ್ತಕದ ಲೋಕ ಹಸಿರು. ಒಟ್ಟು 26 ಅಧ್ಯಾಯ, ಒಂದೊಂದೂ ವರ್ಣಮಾಲೆಯ ಒಂದೊಂದು ಅಕ್ಷರದಿಂದ ಶುರು. ಮಗಳಿಗೆ ಇದನ್ನು ಹೇಳಿ, ಹಿಂದಿನ ಅಧ್ಯಾಯಗಳನ್ನು ತಿರುವಿ ನೋಡುತ್ತಾಳೆ. ಆ ನೆಪದಲ್ಲಾದರೂ ಪುಸ್ತಕ ಮತ್ತೆ ತೆರೆಯುತ್ತದೆ.

---

ಕಡ್ಡಿ ಮುರಿದವನು:

ನಾನು ಒಪ್ಪುವುದಿಲ್ಲ. ಮಗು ಬೇಡ ಅಂದರೆ ಬೇಡ. ಬಲವಂತವಾಗಿ ಓದಿಸಿದ ಪುಸ್ತಕ ನಾಲಿಗೆ ಮೇಲೆ ಕಹಿ ಬಿಟ್ಟು ಹೋಗುತ್ತದೆ.

ಇನ್ನೊಂದು, ಬೈಸಿಕೊಂಡರೂ ಹೇಳುತ್ತೇನೆ. ನನ್ನ ಪ್ರಕಾರ ಎರಡನೇ ಅರ್ಧದಲ್ಲಿ ಎಂಡೆ ಸ್ವಲ್ಪ ಮೇಷ್ಟ್ರಾಗಿಬಿಡುತ್ತಾನೆ. ಮೊದಲರ್ಧದಲ್ಲಿ ವಿಚಾರ ಕಥೆಯ ಹೊಟ್ಟೆಯೊಳಗೆ ಇರುತ್ತದೆ, ಹೊರಗೆ ಕಾಣುವುದಿಲ್ಲ. ಮೂರು ಬಾಗಿಲಿನ ಪ್ರಸಂಗ ನೋಡಿ. ಮೊದಲ ಬಾಗಿಲಲ್ಲಿ ಎರಡು ಸ್ಫಿಂಕ್ಸ್ ಎದುರು ಬದುರು ಕೂತಿವೆ. ಕೆಲವರನ್ನು ಬಿಡುತ್ತವೆ, ಕೆಲವರನ್ನು ಇಲ್ಲ. ಯಾರನ್ನು, ಯಾಕೆ ಅಂತ ಒಬ್ಬ ಕುಳ್ಳ ವಿಜ್ಞಾನಿ ವರ್ಷಗಟ್ಟಲೆ ದುರ್ಬೀನು ಹಿಡಿದು ನೋಡಿದ್ದಾನೆ. ಬುದ್ಧಿವಂತರು, ದಡ್ಡರು, ಒಳ್ಳೆಯವರು, ಕೆಟ್ಟವರು, ಏನೂ ಲೆಕ್ಕಕ್ಕೆ ಸಿಗುವುದಿಲ್ಲ. ಎರಡನೆಯದು ಕನ್ನಡಿ. ಮೂರನೆಯದಕ್ಕೆ ಕೀಲಿಕೈಯೇ ಇಲ್ಲ. ಒಳಗೆ ಹೋಗಬೇಕು ಅಂತ ಎಷ್ಟು ಬಯಸುತ್ತೀಯೋ ಅಷ್ಟು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಬೇಡ ಅನ್ನಿಸಿದವನಿಗೆ ಮಾತ್ರ ತೆರೆಯುತ್ತದೆ. ನಿದ್ದೆ ಬರಲಿ ಬರಲಿ ಅಂತ ಒದ್ದಾಡಿದ ಯಾವ ಮಗುವಿಗಾದರೂ ಇದು ತಕ್ಷಣ ಗೊತ್ತಾಗುತ್ತದೆ. ಟೀಕೆ ಟಿಪ್ಪಣಿ ಏನೂ ಬೇಡ.

ಎರಡನೇ ಅರ್ಧದಲ್ಲಿ ಹಾಗಲ್ಲ. ಮಾಡಿದ್ದುಣ್ಣೋ ಮಹಾರಾಯ ಅಂತ ಒಂದೊಂದಾಗಿ ಲೆಕ್ಕ ಚುಕ್ತಾ ಮಾಡುತ್ತಾ ಹೋಗುತ್ತಾನೆ.

ಮಗಳಿಗೆ ದೊಡ್ಡ ಪ್ರಶ್ನೆ ಇಷ್ಟ ಅಂದರೆ ನಟಾಲಿ ಬ್ಯಾಬಿಟ್ಟಳ ‘ಟಕ್ ಎವರ್‌ಲಾಸ್ಟಿಂಗ್’ ಕೊಡಿ. 1975ರದ್ದು, ಪುಟ್ಟ ಪುಸ್ತಕ. ನಾಯಕಿಗೂ ಹತ್ತೇ ವರ್ಷ. ಕುಡಿದರೆ ಸಾವೇ ಬಾರದ ನೀರಿನ ಬುಗ್ಗೆ ಒಂದು ಕಾಡಿನಲ್ಲಿ ಸಿಗುತ್ತದೆ. ಕುಡಿಯಬೇಕಾ, ಬೇಡವಾ? ಅಷ್ಟೇ ಕಥೆ. ಯಾರೂ ಉಪದೇಶ ಮಾಡುವುದಿಲ್ಲ. ಒಂದು ಕಪ್ಪೆ ಬರುತ್ತದೆ, ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ.

---

ಅರ್ಧಪುಟ:

ಕಡ್ಡಿಯವರೇ, ಮೇಷ್ಟ್ರು ಅಂದಿರಲ್ಲ, ಬಣ್ಣದ ಸಿಂಹದ ಅಧ್ಯಾಯ ಮರೆತಿರಾ? ಅದೂ ಎರಡನೇ ಅರ್ಧದಲ್ಲೇ ಇರುವುದು. ಹಗಲು ಆ ಸಿಂಹ ಹೋದಲ್ಲೆಲ್ಲ ಮರಳುಗಾಡು. ರಾತ್ರಿ ಆದರೆ ಅದು ಸತ್ತು ಕಲ್ಲಾಗುತ್ತದೆ, ಆಗ ಮರಳಿನ ಮೇಲೆ ಹೊಳೆಯುವ ಕಾಡು ಎದ್ದು ಬೆಳೆಯುತ್ತದೆ. ತಾನು ದಿನಾ ಯಾಕೆ ಸಾಯಬೇಕು ಅಂತ ಪಾಪ ಸಿಂಹಕ್ಕೇ ಗೊತ್ತಿಲ್ಲ, ಯಾಕೆಂದರೆ ಕಾಡು ಇರುವಾಗ ಅದು ಇರುವುದಿಲ್ಲ. ಬಾಸ್ಟಿಯನ್ ಹೇಳಿದ ಮೇಲೇ ತಿಳಿಯುವುದು. ಇದರಲ್ಲಿ ಯಾವ ಪಾಠ ಇದೆ ಹೇಳಿ?

ಪದಕದ ಬರಹದ ಅರ್ಥವನ್ನು ಬಾಸ್ಟಿಯನ್‌ಗೆ ಮೊದಲು ಹೇಳುವುದೂ ಆ ಸಿಂಹವೇ. ತೋಚಿದ್ದೆಲ್ಲ ಮಾಡು ಅಂತಲ್ಲ, ನಿನಗೆ ನಿಜವಾಗಿ ಏನು ಬೇಕು ಅಂತ ಹುಡುಕು ಅಂತ. ಅದಕ್ಕಿಂತ ಕಷ್ಟದ ದಾರಿ ಇನ್ನೊಂದಿಲ್ಲ ಅನ್ನುತ್ತದೆ. ಮಗಳು ನಕ್ಕಿದ್ದು ಸರಿಯಾಗೇ ಇದೆ. ‘ಇಷ್ಟ ಬಂದದ್ದು ಮಾಡು’ ಅನ್ನುವುದು ನಿಜಕ್ಕೂ ಒಂಥರಾ ಶಿಕ್ಷೆಯೇ.

---

ಕಡ್ಡಿ ಮುರಿದವನು:

ಸಿಂಹಕ್ಕೆ ವಿನಾಯಿತಿ ಕೊಟ್ಟಿದ್ದೇನೆ. ಉಳಿದದ್ದಕ್ಕೆ ಇಲ್ಲ.

---

ದಾಳಗಾರ:

ನಾನು ಲೆಕ್ಕದವನು, ತತ್ತ್ವ ಬರುವುದಿಲ್ಲ. ಆದರೆ ನಿಮ್ಮ ಮಗಳ ಪ್ರಶ್ನೆಗೆ ಪುಸ್ತಕದಲ್ಲೇ ನೇರ ಉತ್ತರ ಇದೆ, ಅದೂ ನನಗೆ ಬಹಳ ಇಷ್ಟವಾದ ಅಧ್ಯಾಯದಲ್ಲಿ. (ಮುಂದಿನ ಕಥೆ ಹೇಳುತ್ತಿದ್ದೇನೆ. ಬೇಡದವರು ಕೆಳಗೆ ಜಾರಿ.)

ಸ್ವಲ್ಪ ಮುಂದೆ ಹೋದರೆ ಒಂದು ಊರು ಬರುತ್ತದೆ. ಬಾಸ್ಟಿಯನ್ ಥರವೇ ನಮ್ಮ ಲೋಕದಿಂದ ಬಂದು, ಆಸೆ ಮೇಲೆ ಆಸೆ ಪಟ್ಟು, ನೆನಪೆಲ್ಲ ಖರ್ಚು ಮಾಡಿಕೊಂಡವರು ಅಲ್ಲಿದ್ದಾರೆ. ಅವರನ್ನು ನೋಡಿಕೊಳ್ಳುವುದು ಒಂದು ಕೋತಿ. ಅದು ಹೇಳುವುದು ಇಷ್ಟು: ನೆನಪು ಪೂರ್ತಿ ಹೋದವರು ಇನ್ನೇನೂ ಬಯಸಲಾರರು. ಹಿಂದಿನದು ಇಲ್ಲದವರಿಗೆ ಮುಂದಿನದೂ ಇಲ್ಲ. ಅವರಿಗೆ ವಯಸ್ಸೂ ಆಗುವುದಿಲ್ಲ, ಬದಲಾಗುವುದೂ ಇಲ್ಲ. ಸುಮ್ಮನೆ ಇದ್ದಾರೆ.

ಅಂದರೆ ಮಗಳ ಪ್ರಶ್ನೆಗೆ ಉತ್ತರ: ಯಾರೂ ಇಲ್ಲ. ನೆನಪು ಹೋದರೆ ಆಸೆಯೂ ಹೋಗುತ್ತದೆ. ‘ಐಸ್‌ಕ್ರೀಂ ಬೇಕು’ ಅಂತ ಅನ್ನಿಸಬೇಕಾದರೂ ಹಿಂದೆ ಒಂದು ಸಲ ತಿಂದ ನೆನಪು ಬೇಕಲ್ವಾ, ಅಥವಾ ಯಾರೋ ತಿಂದದ್ದು ನೋಡಿದ ನೆನಪಾದರೂ.

ಆ ಊರಿನವರಿಗೆ ಕೋತಿ ಒಂದು ಆಟ ಹಚ್ಚಿದೆ. ಅಕ್ಷರ ಬರೆದ ದಾಳಗಳನ್ನು ಎಸೆಯುವುದು, ಬಿದ್ದ ಅಕ್ಷರಗಳನ್ನು ಸಾಲಾಗಿ ನೋಡುವುದು. ಬಹುತೇಕ ಬರೀ ಗೋಜಲು. ಆದರೆ ಎಸೆಯುತ್ತಲೇ ಇದ್ದರೆ ಎಂದೋ ಒಂದು ದಿನ ಪದ ಬೀಳುತ್ತದೆ, ಪದ್ಯ ಬೀಳುತ್ತದೆ. ಕೊನೆಯೇ ಇಲ್ಲದೆ ಎಸೆದರೆ ಲೋಕದ ಎಲ್ಲ ಕಥೆಗಳೂ ಬಿದ್ದೇ ಬೀಳುತ್ತವೆ. ನೀವು ಓದುತ್ತಿರುವ ಪುಸ್ತಕವೂ.

ಕುತೂಹಲಕ್ಕೆ ಲೆಕ್ಕ ಹಾಕಿದೆ. ಬಾಸ್ಟಿಯನ್ ಹೆಸರಿಗೆ ರೋಮನ್ ಲಿಪಿಯಲ್ಲಿ 7 ಅಕ್ಷರ. 26 ಅಕ್ಷರಗಳಲ್ಲಿ ಯಾವುದು ಬೇಕಾದರೂ ಸಮವಾಗಿ ಬೀಳಬಹುದು ಅಂತ ಇಟ್ಟುಕೊಳ್ಳಿ. 26 ಅನ್ನು ಏಳು ಸಲ ಗುಣಿಸಿದರೆ 803 ಕೋಟಿಗೂ ಮೇಲೆ. ಅಂದರೆ ಸರಾಸರಿ ಅಷ್ಟು ಸಲ ಎಸೆದರೆ ಒಂದು ಸಲ ಆ ಹೆಸರು ಬೀಳುತ್ತದೆ. ಸೆಕೆಂಡಿಗೆ ಒಂದು ಸಲ, ಊಟ ನಿದ್ದೆ ಬಿಟ್ಟು ಎಸೆದರೂ ಸುಮಾರು 254 ವರ್ಷ. ಬರೀ ಒಂದು ಹೆಸರಿಗೆ! ಕನ್ನಡದ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿಸಿದರೆ ದಾಳ ಎತ್ತುವುದಕ್ಕೇ ಆಳು ಬೇಕು.

ನನ್ನ ತಲೆ ತಿಂದದ್ದು ಇದಲ್ಲ. 254 ವರ್ಷಕ್ಕೆ ಆ ಹೆಸರು ಬಿತ್ತು ಅಂತಲೇ ಇಟ್ಟುಕೊಳ್ಳಿ. ಅಲ್ಲಿ ಕೂತವರಲ್ಲಿ ಅದು ಹೆಸರು ಅಂತ ಯಾರಿಗೆ ಗೊತ್ತಾಗಬೇಕು? ಕೈ ಆಡಿಸಿ ಮತ್ತೆ ಎಸೆಯುತ್ತಾರೆ.

---

ಸಾಲು ತಪ್ಪಿದ ಇರುವೆ:

‘ನಥಿಂಗ್’ ಬಗ್ಗೆ ಮಾತ್ರ ಹೇಳುತ್ತೇನೆ. ‘ಶೂನ್ಯ’ ಬೇಡ. ನಮ್ಮಲ್ಲಿ ಆ ಪದಕ್ಕೆ ತೂಕ ಬೇರೆ. ಅಲ್ಲಮನ ವಚನ ಓದಿದವರಿಗೆ, ‘ಶೂನ್ಯಸಂಪಾದನೆ’ ಹೆಸರು ಕೇಳಿದವರಿಗೆ ಶೂನ್ಯ ಅಂದರೆ ಹುಡುಕಿಕೊಂಡು ಹೋಗುವಂಥದ್ದು, ಓಡಿಹೋಗುವಂಥದ್ದಲ್ಲ. ಪುಸ್ತಕದಲ್ಲಿ ಇರುವುದು ಅದಲ್ಲ. ಅದು ತೂತೂ ಅಲ್ಲ, ಕತ್ತಲೆಯೂ ಅಲ್ಲ. ಅದರ ಕಡೆ ನೋಡಿದರೆ ಕಣ್ಣೇ ಕುರುಡಾದ ಹಾಗೆ ಅನ್ನಿಸುತ್ತದೆ ಅಂತ ಬರುತ್ತದೆ.

ನಾನಾಗಿದ್ದರೆ ಸುಮ್ಮನೆ ‘ಇಲ್ಲ’ ಅನ್ನುತ್ತಿದ್ದೆ. ಹೆಸರು ಅನ್ನುವ ಹಾಗೆ. “ಕಾಡಿನ ಕಡೆಯಿಂದ ಇಲ್ಲ ಬರುತ್ತಿದೆ.” “ನಮ್ಮ ಕೆರೆಗೆ ನಿನ್ನೆ ಇಲ್ಲ ಬಂತು.” ಜೋರಾಗಿ ಓದಿ ನೋಡಿ. ನನಗಂತೂ ಬರೆಯುವಾಗಲೇ ಮೈ ಜುಂ ಅಂತು. ವ್ಯಾಕರಣ ತಪ್ಪು ಅಂತ ಯಾರಾದರೂ ಬರಬಹುದು. ಬರಲಿ, ಅವರಿಗೂ ಇಲ್ಲ ಅಂದರಾಯಿತು.

ಆ ‘ಇಲ್ಲ’ದೊಳಗೆ ಬಿದ್ದವರು ಏನಾಗುತ್ತಾರೆ ಅಂತ ತೋಳ ಹೇಳುವ ಭಾಗ ಓದಿದಾಗ ಮಗಳು ಏನಂದಳು? ಅವರು ನಮ್ಮ ಲೋಕಕ್ಕೆ ಸುಳ್ಳುಗಳಾಗಿ ಬರುತ್ತಾರೆ ಅನ್ನುತ್ತದಲ್ಲ. ಕಥೆಯೂ ಸುಳ್ಳೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು, ದಾರಿ ಮಾತ್ರ ಬೇರೆ ಅಂತ ನನಗೆ ಹೊಳೆದದ್ದು ಅಲ್ಲಿ. ಇಷ್ಟು ವರ್ಷದ ಮೇಲೂ ಬಿಟ್ಟಿಲ್ಲ ಅದು.

---

ಹಳೇ ಬೆಂಚು:

ತಡವಾಗಿ ಬಂದೆ. ತತ್ತ್ವಶಾಸ್ತ್ರ ಓದಿಸುವುದು ನನ್ನ ಕೆಲಸ, ಹಾಗಾಗಿ ಉದ್ದ ಆಗುತ್ತದೆ, ಕ್ಷಮಿಸಿ.

ಮಗಳು ಕೇಳಿದ್ದು ಬಹಳ ಹಳೇ ಪ್ರಶ್ನೆ. ಜಾನ್ ಲಾಕ್ ಅಂತ ಇಂಗ್ಲಿಷ್ ತತ್ತ್ವಜ್ಞಾನಿ ತನ್ನ ದೊಡ್ಡ ಪುಸ್ತಕದ ಎರಡನೇ ಮುದ್ರಣಕ್ಕೆ, 1694ರಲ್ಲಿ, ಇದಕ್ಕೇ ಅಂತ ಒಂದು ಅಧ್ಯಾಯ ಸೇರಿಸಿದ. ಅವನ ವಾದ ಸರಳವಾಗಿ ಹೇಳಿದರೆ ಹೀಗೆ. ನಿನ್ನೆಯವನೂ ಇವತ್ತಿನವನೂ ಒಬ್ಬನೇ ಅಂತ ಹೇಳುವುದಕ್ಕೆ ಮೈ ಒಂದೇ ಆಗಿದ್ದರೆ ಸಾಲದು. ನಿನ್ನೆ ಮಾಡಿದ್ದು ತಾನೇ ಅಂತ ಒಳಗೆ ಅರಿವಿರಬೇಕು. ಒಬ್ಬ ರಾಜಕುಮಾರನ ನೆನಪೆಲ್ಲ ಹೊತ್ತ ಆತ್ಮ ಒಬ್ಬ ಚಮ್ಮಾರನ ಮೈಗೆ ಹೋದರೆ ಆ ಮನುಷ್ಯ ಯಾರು ಅಂತ ಕೇಳುತ್ತಾನೆ. ಅವನ ಪ್ರಕಾರ ರಾಜಕುಮಾರನೇ. ನಿಮ್ಮ ಮಗಳು “ಇವನು ಬಾಸ್ಟಿಯನ್ನೇ ಅಲ್ಲ” ಅಂದಳಲ್ಲ, ಲಾಕ್ ಪಕ್ಕದಲ್ಲಿದ್ದಿದ್ದರೆ ತಲೆ ಆಡಿಸುತ್ತಿದ್ದ.

ಇದಕ್ಕಿಂತ ಬಹಳ ಹಿಂದೆ, ಪಾಳಿ ಭಾಷೆಯ ‘ಮಿಲಿಂದ ಪ್ರಶ್ನೆ’ಯಲ್ಲಿ ನಾಗಸೇನ ಎಂಬ ಭಿಕ್ಷು ರಾಜನನ್ನು ಕೇಳುತ್ತಾನೆ. ನೀನು ರಥದಲ್ಲಿ ಬಂದೆಯಲ್ಲ, ರಥ ಯಾವುದು? ಗಾಲಿಯಾ? ಅಚ್ಚಾ? ನೊಗವಾ? ಯಾವುದೂ ಅಲ್ಲ ಅಂದರೆ ರಥ ಎಲ್ಲಿದೆ? ಎಲ್ಲ ಒಟ್ಟಾಗಿ ಇದ್ದಾಗ ಅದಕ್ಕೆ ರಥ ಅಂತ ಹೆಸರು, ಅಷ್ಟೇ. ‘ನಾಗಸೇನ’ ಅನ್ನುವುದೂ ಹಾಗೇ ಅನ್ನುತ್ತಾನೆ. ಇದು ಮಗುವಿಗೆ ಲಾಕ್‌ಗಿಂತ ಬೇಗ ಹಿಡಿಸುತ್ತದೆ. ಒಂದು ಹಳೇ ಆಟಿಕೆ ಬಿಚ್ಚಿ ಮುಂದಿಟ್ಟರೆ ಸಾಕು.

ಇಷ್ಟು ಹೇಳಿದರೂ, ನೀವು ಇದ್ಯಾವುದನ್ನೂ ಈಗ ಅವಳಿಗೆ ಹೇಳಬೇಡಿ ಅನ್ನುತ್ತೇನೆ. ಕಲಿಸುವವರ ದೊಡ್ಡ ರೋಗ ಇದು. ಮಗು ಪ್ರಶ್ನೆ ಕೇಳಿದ ಕೂಡಲೇ ಅದರ ಕೈಯಿಂದ ಪ್ರಶ್ನೆ ಕಿತ್ತುಕೊಂಡು ಉತ್ತರ ಇಟ್ಟುಬಿಡುತ್ತೇವೆ. ‘ನಿನಗೇನನ್ನಿಸುತ್ತೆ?’ ಅಂತ ತಿರುಗಿ ಕೇಳುವುದೂ ಬೇಡ. ಹತ್ತು ವರ್ಷದ ಮಕ್ಕಳಿಗೆ ಅದು ಪರೀಕ್ಷೆ ಅಂತ ಗೊತ್ತಾಗಿಬಿಡುತ್ತದೆ. ನನಗೂ ಗೊತ್ತಿಲ್ಲ, ಓದೋಣ ಅನ್ನಿ.

ದಾಳಗಾರರು ಹೇಳಿದ ಉತ್ತರ ಸರಿ, ಆದರೆ ಅದು ಪುಸ್ತಕದ ಕೊನೆಯ ಮಾತಲ್ಲ. ಕೊನೆಯ ಅಧ್ಯಾಯಗಳಲ್ಲಿ ಬಾಸ್ಟಿಯನ್ ನೆಲದಡಿಯ ಗಣಿಯೊಂದರಲ್ಲಿ ಕತ್ತಲಲ್ಲಿ ಮಲಗಿ ಚಿತ್ರ ಅಗೆಯುತ್ತಾನೆ. ಮನುಷ್ಯರು ಮರೆತ ಕನಸುಗಳೆಲ್ಲ ಅಲ್ಲಿ ತೆಳ್ಳನೆಯ ಹಾಳೆಗಳಾಗಿ ಪದರ ಪದರವಾಗಿ ಇವೆ. ಗಟ್ಟಿಯಾಗಿ ಮುಟ್ಟಿದರೆ ಪುಡಿ. ದಿನಗಟ್ಟಲೆ ಅಗೆದ ಮೇಲೆ ಅವನಿಗೆ ಸಿಗುವುದು ಒಂದು ಚಿತ್ರ. ಬಿಳೀ ಕೋಟು ಹಾಕಿದ ಒಬ್ಬ ಮನುಷ್ಯ, ಕೈಯಲ್ಲಿ ಹಲ್ಲಿನ ಅಚ್ಚು, ಸುತ್ತ ಮಂಜುಗಡ್ಡೆ. ಆ ಗಡ್ಡೆಯೊಳಗೆ ಅವನು ಹೆಪ್ಪುಗಟ್ಟಿ ನಿಂತಿದ್ದಾನೆ. ಯಾರು ಅಂತ ಬಾಸ್ಟಿಯನ್‌ಗೆ ಗೊತ್ತಾಗುವುದಿಲ್ಲ. ಆದರೆ ಆ ಮನುಷ್ಯ ಸಹಾಯ ಕೇಳುತ್ತಿದ್ದಾನೆ ಅನ್ನಿಸಿ ಎದೆ ಹಿಂಡುತ್ತದೆ. ನಮಗೆ ಗೊತ್ತು ಅದು ಯಾರು ಅಂತ. ಅವನ ಅಪ್ಪ ಹಲ್ಲಿನ ಸೆಟ್ಟು ಮಾಡುವ ಕೆಲಸದವನು.

ಇಲ್ಲಿ ನೋಡಿ, ನೆನಪು ಇಲ್ಲ, ಆದರೂ ಹಂಬಲ ಇದೆ. ಕೋತಿ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಕಡ್ಡಿಯವರು ಎಂಡೆಯನ್ನು ಮೇಷ್ಟ್ರು ಅಂದರು. ತಾನೇ ಹೇಳಿದ ಉತ್ತರವನ್ನು ನಾಲ್ಕು ಹೆಜ್ಜೆ ಮುಂದೆ ಹೋಗಿ ತಾನೇ ಕೆಡವುವ ಮೇಷ್ಟ್ರು ನಮಗೆ ಎಷ್ಟು ಜನ ಸಿಕ್ಕಿದ್ದಾರೆ?

ಅದಾದ ಮೇಲೆ ಒಂದು ನೀರಿನ ಬುಗ್ಗೆ ಬರುತ್ತದೆ. ಅಲ್ಲಿ ಅವನ ಹೆಸರು ಕೇಳುತ್ತಾರೆ. ಅಷ್ಟು ಹೊತ್ತಿಗೆ ಅವನು ಹೆಸರನ್ನೂ ಕಳೆದುಕೊಂಡಿದ್ದಾನೆ. ಆಗ ಯಾರು ಉತ್ತರ ಕೊಡುತ್ತಾರೆ ಅನ್ನುವುದನ್ನು ನಾನು ಬರೆಯುವುದಿಲ್ಲ. ನೀವೇ ಓದಿ ಹೇಳಿ. ಆ ಪುಟ ಮಾತ್ರ ನಿಧಾನಕ್ಕೆ ಓದಿ.

---

ಕಡ್ಡಿ ಮುರಿದವನು:

ಬೆಂಚಿನವರೇ, ಗಣಿ ಅಧ್ಯಾಯ ನಾನು ಹದಿನೈದು ವರ್ಷದಿಂದ ತೆರೆದಿಲ್ಲ. ಮಂಜುಗಡ್ಡೆ ಮರೆತೇಹೋಗಿತ್ತು. ಸರಿ, ಇವತ್ತು ರಾತ್ರಿ ಅದೊಂದು ನೋಡುತ್ತೇನೆ. ಮಗುವಿಗೆ ಬಲವಂತ ಮಾಡಬಾರದು ಅನ್ನುವ ಮಾತು ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ.

---

ಇರುಳೋದು:

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರ ಈ ಕಡೆ ತಲೆ ಹಾಕಲಿಲ್ಲ, ಯಾಕೆ ಅಂದರೆ ಓದುತ್ತಿದ್ದೆವು.

ಬಲವಂತ ಮಾಡಲಿಲ್ಲ. ‘ಅಧ್ಯಾಯಗಳ ಮೊದಲ ಅಕ್ಷರ ನೋಡು’ ಅಂತ ಹೇಳಿ ಪುಸ್ತಕ ಹಾಸಿಗೆ ಮೇಲೆ ಇಟ್ಟು ಹೋದೆ. ಅರ್ಧ ಗಂಟೆ ಬಿಟ್ಟು ಬಂದರೆ 26 ಅಕ್ಷರ ಎಣಿಸಿ ಮುಗಿಸಿ, ಬಿಟ್ಟ ಕಡೆಯಿಂದ ಆರು ಪುಟ ತಾನೇ ಓದಿದ್ದಳು. “ಇನ್ನೂ ಕೆಟ್ಟವನಾಗ್ತಿದ್ದಾನೆ, ಬಾ” ಅಂದಳು. ಅರ್ಧಪುಟ ಅವರಿಗೆ ಒಂದು ಸಲಾಂ.

‘ಶೂನ್ಯ’ ತೆಗೆದು ‘ಇಲ್ಲ’ ಹಾಕಿದೆ. ಎರಡನೇ ಅರ್ಧದಲ್ಲಿ ಅದು ಜಾಸ್ತಿ ಬರುವುದಿಲ್ಲ, ಆದರೂ ಅವಳಿಗೆ ಹಿಡಿಸಿಬಿಟ್ಟಿದೆ. ಬ್ಯಾಗಿನಲ್ಲಿ ರಬ್ಬರ್ ಸಿಗದಿದ್ದರೆ “ಅದಕ್ಕೆ ಇಲ್ಲ ಬಂತು” ಅನ್ನುತ್ತಾಳೆ. ತೋಳದ ಭಾಗ ಕೇಳಿದಿರಲ್ಲ, ಅದನ್ನು ಓದಿದ ಮಾರನೇ ದಿನ ಏನೋ ಸಣ್ಣ ಸುಳ್ಳು ಹೇಳಿ ಸಿಕ್ಕಿಬಿದ್ದಳು. “ನಾನಲ್ಲ, ಪುಸ್ತಕದಿಂದ ಬಿದ್ದಿದ್ದು” ಅಂದಳು. ನಗಬಾರದಿತ್ತು, ನಕ್ಕುಬಿಟ್ಟೆ.

ದಾಳದ ಊರಿನಲ್ಲಿ ಹೆದರಿದಳು. ನನ್ನ ಕೈ ಹಿಡಿದುಕೊಂಡೇ ಕೇಳಿದಳು. 254 ವರ್ಷದ ಲೆಕ್ಕ ಹೇಳಿದ್ದಕ್ಕೆ ಸ್ವಲ್ಪ ಸಮಾಧಾನ ಆಯಿತು, ಯಾಕೋ ಗೊತ್ತಿಲ್ಲ.

ನಿನ್ನೆ ಮುಗಿಯಿತು. ಬುಗ್ಗೆಯ ಪುಟ ನಿಧಾನಕ್ಕೆ ಓದಿ ಅಂದಿದ್ದಿರಿ. ಓದಿದೆ. ಹೆಸರು ಕೇಳುತ್ತಾರೆ, ಬಾಸ್ಟಿಯನ್ ಸುಮ್ಮನೆ ನಿಂತಿದ್ದಾನೆ. ಆಗ ಅಟ್ರೇಯು ಮುಂದೆ ಬಂದು ಹೆಸರು ಹೇಳುತ್ತಾನೆ. ಅದೇ ಬಾಸ್ಟಿಯನ್ ಕತ್ತಿಯಿಂದ ಹೊಡೆದು ಗಾಯ ಮಾಡಿದ್ದ ಅಟ್ರೇಯು. ಇವನಿಗೆ ಎಲ್ಲ ಮರೆತಿದೆ, ಇವನು ಹೇಳಿದ್ದೆಲ್ಲ ನನಗೆ ನೆನಪಿದೆ, ಇವನ ಪರವಾಗಿ ನಾನು ನಿಲ್ಲುತ್ತೇನೆ ಅನ್ನುತ್ತಾನೆ. ನನಗೆ ಗಂಟಲು ಕಟ್ಟಿತು. ಇಂಗ್ಲಿಷಿನಿಂದ ಕನ್ನಡ ಮಾಡುವುದಕ್ಕೆ ಪದ ಹುಡುಕುತ್ತಿದ್ದೇನೆ ಅನ್ನುವ ಹಾಗೆ ನಟಿಸಿದೆ.

ಅವಳು ಅಳಲಿಲ್ಲ. ಸ್ವಲ್ಪ ಹೊತ್ತು ಛಾವಣಿ ನೋಡುತ್ತಾ ಮಲಗಿದ್ದಳು. ಆಮೇಲೆ, “ಅಪ್ಪಾ, ನಾನು ತುಂಬ ಚಿಕ್ಕವಳಿದ್ದಾಗಿನದು ನನಗೆ ಒಂದೂ ನೆನಪಿಲ್ಲ. ಅದೆಲ್ಲ ನಿನ್ಹತ್ರ ಇದೆ ಅಲ್ವಾ?”

“ಇದೆ. ನಿಮ್ಮಮ್ಮನ ಹತ್ತಿರ ಇನ್ನೂ ಜಾಸ್ತಿ ಇದೆ.”

“ಒಂದು ಕೊಡು.”

ಕೇಳಿದ್ದು ಹಾಗೇ. ‘ಹೇಳು’ ಅಲ್ಲ, ‘ಕೊಡು’.

ನನಗೆ ತಟ್ಟನೆ ಹೊಳೆದದ್ದನ್ನು ಕೊಟ್ಟೆ. ಒಂದೂವರೆ ವರ್ಷದವಳಿದ್ದಾಗ ಅವಳಿಗೆ ಚೆನ್ನಾಗಿ ಬರುತ್ತಿದ್ದದ್ದು ಒಂದೇ ಮಾತು, ‘ಇಲ್ಲ’. ಹಾಲು ಬೇಕಾ? ಇಲ್ಲ. ನಿದ್ದೆ ಬಂತಾ? ಇಲ್ಲ. ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡು ಒಳಗಿನಿಂದ ‘ಇಲ್ಲ’ ಅನ್ನುತ್ತಿದ್ದಳು. ನಾವು ಮನೆಯೆಲ್ಲ ಹುಡುಕಿದ ಹಾಗೆ ಮಾಡುತ್ತಿದ್ದೆವು. ಕೊನೆಗೆ ಟವೆಲ್ ತೆಗೆದು ‘ಇಲ್ಲೇ ಇದ್ದೀಯಲ್ಲೇ’ ಅಂದರೆ ಕಣ್ಣು ಅಗಲ ಮಾಡಿ ಆಗಲೂ ‘ಇಲ್ಲ’.

ಹೊದಿಕೆ ಮುಖದ ಮೇಲೆ ಎಳೆದುಕೊಂಡಳು. ಒಳಗಿನಿಂದ ನಗು. ಇನ್ನೊಂದು ಕೊಡು ಅಂದಳು.